ಕಾಸ್ಪರ್ ಒಡೆಯುತ್ತಿದ್ದ ಸ್ವರ

ತುಟಿ ಒತ್ತಬೇಡ, ಸೆಲಿನ್. ಬಿಸಿ ಸೂಪಿಗೆ ಊದುವಾಗ
ಯಾರಾದರೂ ಹಲ್ಲು ಕಚ್ಚುತ್ತಾರೆಯೇ?
ಪಿಕೊಲೊ ಅಂದರೆ ಗೇಣುದ್ದದ ಕಪ್ಪು ಕಡ್ಡಿ,
ಬಲ ತೋರಿಸಿದರೆ ಬೆಕ್ಕಿನ ಹಾಗೆ ಪರಚುತ್ತದೆ.
ತಲೆ ಸುತ್ತಿತೇ? ಸುತ್ತಲಿ, ಕೂತುಕೋ.
ಮೊದಲ ಚಳಿಗಾಲ ಎಲ್ಲರಿಗೂ ಸುತ್ತುತ್ತದೆ.

ನನಗೆ ಯಾರೂ ಕಲಿಸಲಿಲ್ಲ.
ಪಾಠವೆಲ್ಲ ಅಣ್ಣನಿಗೆ; ಗೋಡೆಯ ಈಚೆ ನಾನು
ಕಾಲುಚೀಲ ಹೆಣೆಯುತ್ತ, ಹೆಣಿಗೆಕಡ್ಡಿಯ ಮೇಲೆ ಬೆರಳು ಆಡಿಸುತ್ತ.
ಅವನು ಕೆಲಸಕ್ಕೆ ಹೋದ ಮೇಲೆ ಅಟ್ಟದಲ್ಲಿ ಊದುತ್ತಿದ್ದೆ,
ಪಾರಿವಾಳಗಳಿಗಷ್ಟೇ ಗೊತ್ತು.
ಗಂಡಸರ ಮೇಳ ಅದು. ಹೆಂಗಸರು ವೇಷ ಹೊಲಿಯಬಹುದು,
ಲಾಟೀನಿನ ಬಟ್ಟೆಗೆ ಬಣ್ಣ ಬಳಿಯಬಹುದು,
ದಾರಿಬದಿ ನಿಂತು ಚಳಿಗೆ ನಡುಗಬಹುದು.
ಬಾಸೆಲ್‌ನಲ್ಲಿ ಆಗ ನಮ್ಮ ಪಾಲಿಗೆ ಬಂದದ್ದು ಅಷ್ಟೇ.

ಆ ವರ್ಷ ಹಬ್ಬಕ್ಕೆ ಎರಡು ದಿನ ಇರುವಾಗ
ಕಾಸ್ಪರನಿಗೆ ಎದೆ ಕಟ್ಟಿತು. ಕೆಮ್ಮಿದರೆ ಮಂಚ ಅಲುಗುತ್ತಿತ್ತು.
ಅಮ್ಮ ನನ್ನ ಮುಖ ನೋಡಲಿಲ್ಲ. ಅವನ ವೇಷದ ಕಾಲನ್ನು
ಎರಡು ಬೆರಳು ಮಡಚಿ ಹೊಲಿದಳು.
ಅದೇ ಅಪ್ಪಣೆ.

ಮುಖವಾಡ ಮೂಗಿನ ತನಕ ಮುಚ್ಚುತ್ತದೆ, ಬಾಯಿ ಬಿಟ್ಟಿರಬೇಕಲ್ಲ.
ಗದ್ದಕ್ಕೆ ಒಲೆಯ ಮಸಿ ತಿಕ್ಕಿಕೊಂಡೆ, ಮೂರು ದಿನದ ಗಡ್ಡ.
ಬೆಳಗಿನ ನಾಲ್ಕು ಗಂಟೆ. ಊರಿನ ದೀಪಗಳೆಲ್ಲ
ಒಂದೇ ಸಲಕ್ಕೆ ಆರಿದವು.
ಕತ್ತಲು ಒಂದು ಉಸಿರು ಒಳಗೆಳೆದುಕೊಂಡಿತು.
ನಾನೂ.

ಆಮೇಲೆ ಡ್ರಮ್ಮು, ತೊಟ್ಟಿಲು ತೂಗಿದಷ್ಟು ನಿಧಾನದ ನಡಿಗೆ.
ಎಲ್ಲ ಸರಿ, ತೊಡಕು ಒಂದೇ.
ಮೂರನೆಯ ಸುತ್ತಿನ ಕೊನೆಗೊಂದು ಸ್ವರ ಇದೆ,
ಗೋಪುರದ ತುದಿಯ ಗಾಳಿಕೋಳಿಯಷ್ಟು ಎತ್ತರದಲ್ಲಿ.
ಮೇಳ ಸೇರಿದಂದಿನಿಂದ ಕಾಸ್ಪರ್ ಅದನ್ನು ಒಡೆಯುತ್ತಿದ್ದ.
ಅದು ಅವನ ರುಜು. ಕತ್ತಲಲ್ಲೂ ಜನ
"ಓ, ಕಾಸ್ಪರ್ ಬಂದ" ಎನ್ನುತ್ತಿದ್ದರು.
ನನಗೋ ಅದು ಬರುತ್ತಿತ್ತು.
ಬರುವುದನ್ನು ಬಾರದ ಹಾಗೆ ಊದಲು
ಕೆಳತುಟಿ ಕೂದಲೆಳೆಯಷ್ಟು ಸಡಿಲಿಸಬೇಕು,
ಉಸಿರು ಚೂರು ಮುಂಚೆ ಬಿಡಬೇಕು. ಕಲಿತೆ.
ಅಷ್ಟು ಕಷ್ಟದ್ದನ್ನು ಮತ್ತೆ ಯಾವತ್ತೂ ಕಲಿತಿಲ್ಲ.

ಮೂರು ದಿನ ಮಾತಾಡಲಿಲ್ಲ. ಹೋಟೆಲಿನಲ್ಲಿ
ಬೆರಳು ತೋರಿಸಿ ಹಿಟ್ಟಿನ ಸೂಪು ತರಿಸಿಕೊಂಡೆ.
ನೀರು ಮುಟ್ಟಲಿಲ್ಲ; ಯಾಕೆಂದು ನಿನಗೆ ಹೇಳಬೇಕಿಲ್ಲ.
ಪಕ್ಕದ ಸಾಲಿನ ಎಮಾನುಯೆಲ್, ಬೇಕರಿಯವನು,
ಬೆನ್ನಿಗೆ ಗುದ್ದಿ "ಗಂಟಲು ಬಿತ್ತೇನೋ?" ಎಂದು ನಕ್ಕ.

ಕೊನೆಯ ರಾತ್ರಿ. ಮುಗಿಯಲು ಕಾಲು ಗಂಟೆ.
ಬಣ್ಣದ ಕಾಗದದ ಚೂರು ಹರಡಿನ ತನಕ, ಒದ್ದೆ.
ಮತ್ತೆ ಆ ಸುತ್ತು ಬಂತು.
ಧೈರ್ಯ ಎನ್ನಲಾರೆ. ದಣಿದಿದ್ದೆ,
ಸುಳ್ಳು ಊದುವಷ್ಟು ತ್ರಾಣ ತುಟಿಯಲ್ಲಿ ಉಳಿದಿರಲಿಲ್ಲ.
ಹೋಯಿತು ನೋಡು,
ಗಾಜಿನ ಮೇಲೆ ವಜ್ರ ಎಳೆದ ಹಾಗೆ, ನೆಟ್ಟಗೆ.
ಎಮಾನುಯೆಲ್‌ನ ದಪ್ಪ ಮೂಗಿನ ಮುಖವಾಡ
ನನ್ನ ಕಡೆ ತಿರುಗಿತು. ಒಂದು ಹೆಜ್ಜೆ. ಎರಡು.
ಮತ್ತೆ ಮುಂದಕ್ಕೆ ತಿರುಗಿತು.

ಮಾರನೆಯ ದಿನ ಬ್ರೆಡ್ಡು ಕೊಂಡವರಿಗೆಲ್ಲ ಹೇಳಿದನಂತೆ:
"ಕಾಸ್ಪರ್ ಕೊನೆಗೂ ಹಿಡಿದ!"
ಅವನಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ಅರಿಯೆ.
ಜ್ವರ ಬಿಟ್ಟ ಅಣ್ಣನಿಗೆ ಜನ ಬಿಯರು ಕುಡಿಸಿದರು.
ಕುಡಿದ. ಮನೆಗೆ ಬಂದು ಬೂಟು ಬಿಚ್ಚದೆ ಮಲಗಿದ.
ಆ ಬೇಸಿಗೆ ದಿನವೂ ರೈನ್ ದಂಡೆಗೆ ಹೋಗಿ
ಸರಕುದೋಣಿಗಳ ಗದ್ದಲದ ಮರೆಯಲ್ಲಿ
ಅದೊಂದೇ ಸ್ವರ ಊದುತ್ತಿದ್ದ.
ಮುಂದಿನ ವರ್ಷ ಒಡೆಯಿತು. ಅದರ ಮುಂದಿನ ವರ್ಷವೂ.
ಮೂವತ್ತೊಂದು ವರ್ಷ.

ಅವನನ್ನು ಮಣ್ಣು ಮಾಡಿದ ದಿನ ಮೇಳದ ಹಿರಿಯ
ಟೋಪಿ ತೆಗೆದು "ಆ ಒಂದು ರಾತ್ರಿ..." ಎಂದ,
ಮುಂದೆ ಹೇಳಲಾಗಲಿಲ್ಲ ಅವನಿಗೆ.
ನಾನು ಕೈಗವಸಿನ ಒಳಗೆ ಬೆರಳು ಆಡಿಸಿದೆ.

ಏಳು. ಇನ್ನೊಂದು ಸಲ. ಭುಜ ಇಳಿಸು, ಗದ್ದ ಮೇಲೆ.
ಒಡೆದರೆ ಒಡೆಯಲಿ.
ಮೇಲಿನ ಮನೆಯಾಕೆ ನೆಲ ಕುಟ್ಟುತ್ತಿದ್ದಾಳೆ. ಕುಟ್ಟಲಿ ಬಿಡು,
ತಾಳ ಸ್ವಲ್ಪ ಮುಂದೆ ಓಡುತ್ತಿದೆ, ಅಷ್ಟೇ.